ಬರದ ವರ್ಷದ ಬಾಣಂತನ ಹೀಗೆ ಮಾಡಿ

ನಾನು ಪಾವಗಡ ಕಡೆಯ ಸೂಲಗಿತ್ತಿ. ಹೇಳುವುದು ನಾನು, ಬರೆಯುವುದು ಮೊಮ್ಮಗಳು. ನಮ್ಮಲ್ಲಿ ಕಡಲೆಕಾಯಿ ಬೆಳೆ ಹೋಯಿತೆಂದರೆ ಗಂಡಸರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವುದು ತುಂಬು ಬಸುರಿ ಮತ್ತು ಅತ್ತೆ.

ಏಳು ತಿಂಗಳು ತುಂಬುತ್ತಲೇ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ ಒಂದೇ ಚೀಲಕ್ಕೆ ಹಾಕಿ ಗೂಟಕ್ಕೆ ನೇತುಹಾಕಿ. ಆಶಾ ಕಾರ್ಯಕರ್ತೆಯ ನಂಬರನ್ನು ಇದ್ದಿಲಲ್ಲಿ ಗೋಡೆ ಮೇಲೆ ಬರೆಯಿರಿ. ನಿಮ್ಮ ಫೋನಿಗೆ ಕರೆನ್ಸಿ ಇಲ್ಲದಿದ್ದರೆ ಪಕ್ಕದ ಮನೆಯವರು ನೋಡಿ ಮಾಡುತ್ತಾರೆ.

ಹಳೇ ನೂಲಿನ ಸೀರೆ ಕುದಿಯುವ ನೀರಲ್ಲಿ ಅದ್ದಿ ಚೆನ್ನಾಗಿ ಒಣಗಿಸಿ ಅದೇ ಚೀಲಕ್ಕೆ ಹಾಕಿ. ನಮ್ಮಲ್ಲಿ ನೀರಿಗೆ ಬರ, ಬಿಸಿಲಿಗೆ ಬರವಿಲ್ಲ. ಕೂಸಿಗೆ ಅಂಗಡಿಯ ಹೊಸ ಬಟ್ಟೆ ಬೇಡವೇ ಬೇಡ.

ನೋವು ಬಂದ ಕೂಡಲೇ 108ಕ್ಕೆ ಮಾಡಿ. ಗಾಡಿ ಬರುವ ಮೊದಲೇ ಹೆರಿಗೆಯಾದರೆ ಕೂಸನ್ನು ಎಳೆಯಬೇಡಿ, ಹೊಕ್ಕುಳ ಬಳ್ಳಿ ಕೊಯ್ಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ತಾಯಿಯ ಎದೆಗೆ ತಾಗಿಸಿ ಮಲಗಿಸಿ, ಇಬ್ಬರಿಗೂ ಹೊದಿಸಿ. ಸ್ನಾನಕ್ಕೆ ಅವಸರ ಬೇಡ.

ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಹೆರಿಗೆ, ಆಪರೇಷನ್, ಔಷಧಿ, ಮನೆಗೆ ಬಿಡುವ ಗಾಡಿ ಎಲ್ಲ ಪುಕ್ಕಟೆ. ಬಾಣಂತಿಗೆ ಊಟವೂ ಉಂಟು: ಮಾಮೂಲಿ ಹೆರಿಗೆಗೆ 3 ದಿನ, ಆಪರೇಷನ್ ಆದರೆ 7 ದಿನ. ಜೊತೆಗೆ ಹೋದವರು ಬುತ್ತಿ ಕಟ್ಟಿಕೊಳ್ಳಬೇಕು. ಒಂದು ಕಡೆ ಗಂಡು ಮಗು ಎಂದು ಇನ್ನೂರು ರೂಪಾಯಿ ಕೇಳಿದ್ದರು. ನಾನು ಚೀಲ ಬಿಚ್ಚಿ ತೋರಿಸಿದೆ, ಹಳೇ ಸೀರೆ ನೋಡಿ ಸುಮ್ಮನಾದರು.

ದುಡ್ಡು ಉಳಿಸಬೇಕೆಂದು ಬಾಣಂತಿಯ ಹೊಟ್ಟೆಗೆ ಮಾತ್ರ ಕಡಿಮೆ ಮಾಡಬೇಡಿ. ಪಥ್ಯ ಎಂದು ನೀರೂ ಕೊಡದೆ ಒಣಗಿಸುತ್ತಾರಲ್ಲ, ಮೊದಲು ನಾನೂ ಹಾಗೇ ಹೇಳುತ್ತಿದ್ದೆ. ತಪ್ಪು. ಬಾಯಾರಿದಷ್ಟೂ ನೀರು ಕೊಡಿ. ರಾಗಿ ಮುದ್ದೆ, ನುಗ್ಗೆಸೊಪ್ಪು, ಹುರುಳಿ ಕಟ್ಟಿನ ಸಾರು ಹಾಕಿ. ಅಂಗನವಾಡಿಯ ಊಟ, ಮೊಟ್ಟೆ ಇದೆ, ಬಾಣಂತಿ ಹೊರಗೆ ಹೋಗಬಾರದು ಎಂದು ಬಿಡಬೇಡಿ, ಟೀಚರನ್ನು ಕೇಳಿ. ತಾಯಿ ಉಂಡರೆ ತಾನೇ ಹಾಲು? ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಎದೆಹಾಲೇ ಸಾಕು. ಡಬ್ಬಿ ಹಾಲಿನ ಖರ್ಚೂ ಇಲ್ಲ.

ಈಗ ನಮ್ಮನ್ನು ಕರೆಯುವುದು ಎಣ್ಣೆ ನೀರಿಗೆ ಮಾತ್ರ. ಮೊದಲೆಲ್ಲ ಒಂದು ಮೊರ ರಾಗಿ, ಕುಪ್ಪಸದ ಕಣ, ಎಲೆಅಡಿಕೆ ಕೊಡುತ್ತಿದ್ದರು. ನಮ್ಮ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು; ನನಗೆ ಈ ವರ್ಷ ಆ ಮೊರ ರಾಗಿ ಬಂದರೆ ಅದೇ ಪದ್ಮಶ್ರೀ. "ಸುಗ್ಗಿಗೆ ಕೊಡ್ತೀವಿ ಅಜ್ಜಿ" ಅನ್ನುತ್ತಾರೆ. ಕೊಡಲು ಇಲ್ಲದಿದ್ದರೆ ಮೊದಲೇ ಹೇಳಿಬಿಡಿ, ಬೇಜಾರಿಲ್ಲ. ಸರ್ಕಾರದ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಮುಂಚೆ ಆರು ಗಂಟೆಗೇ ಬರುತ್ತೇನೆ. ಅಷ್ಟರಲ್ಲಿ ಹಂಡೆಯಲ್ಲಿ ನೀರು ಕಾದಿರಲಿ.