ಚಿಮ್ನಿ ಹೇಳಿಕೊಟ್ಟ ಪಾಠ: ಇಂಗ್ಲೆಂಡಿನಲ್ಲಿ ನಾವು ಮನೆ ಕೊಂಡದ್ದು

ಅಪ್ಪ ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: “ಇ.ಸಿ. ತೆಗೆಸಿದ್ಯಾ? ಎಷ್ಟು ವರ್ಷದ್ದು ತೆಗೆಸಿದೀಯ?”

ನಾವು ಮನೆ ನೋಡುತ್ತಿದ್ದದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, 2023ರಲ್ಲಿ. ಇಲ್ಲಿ ಇ.ಸಿ. (ಆಸ್ತಿಯ ಮೇಲೆ ಸಾಲ, ಅಡವು ಇದೆಯೇ ಎಂದು ತೋರಿಸುವ ಋಣಭಾರ ಪತ್ರ) ಇಲ್ಲ, ಖಾತಾ ಇಲ್ಲ. ಲ್ಯಾಂಡ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಆಗ 3 ಪೌಂಡ್ ಕಟ್ಟಿದರೆ ಸಾಕಿತ್ತು (ಈಗ 7 ಆಗಿದೆ). ಮನೆ ಯಾರ ಹೆಸರಿನಲ್ಲಿದೆ, ಯಾವ ಬ್ಯಾಂಕಿಗೆ ಅಡವಿದೆ ಎಂದು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು. ಇಲ್ಲಿ ಮಾಲೀಕತನವನ್ನೇ ನೋಂದಾಯಿಸಿ, ಅದಕ್ಕೆ ಸರ್ಕಾರ ಜವಾಬ್ದಾರಿ ಹೊರುತ್ತದೆ. ಇದನ್ನು ಕೇಳಿ ಅಪ್ಪನಿಗೆ ಸಮಾಧಾನವಾಯಿತು. ನನಗೂ ಆಯಿತು. ಆದರೆ ನಮಗೆ ತೊಂದರೆ ಬಂದದ್ದು ಪತ್ರದಿಂದಲ್ಲ, ಚಿಮ್ನಿಯಿಂದ, ಅಂದರೆ ಬೆಂಕಿಗೂಡಿನ ಹೊಗೆಯನ್ನು ಮಾಡಿನ ಮೇಲಕ್ಕೆ ಒಯ್ಯುವ ಇಟ್ಟಿಗೆ ಗೂಡಿನಿಂದ.

ಮೊದಲು ಸಾಲದ ವಿಷಯ ಹೇಳಿಬಿಡುತ್ತೇನೆ. ನಾವಿಬ್ಬರೂ ಭಾರತದ ಪಾಸ್‌ಪೋರ್ಟಿನವರು. ಕಾಮನ್‌ವೆಲ್ತ್ ದೇಶದವರಾದ್ದರಿಂದ ಇಲ್ಲಿನ ಮತದಾರರ ಪಟ್ಟಿಗೆ ನಾವೂ ಸೇರಬಹುದು. ಅದು ಕ್ರೆಡಿಟ್ ಸ್ಕೋರಿಗೆ ತುಂಬ ಸಹಾಯ. ಬಂದ ವರ್ಷವೇ ಸೇರಿಕೊಳ್ಳಿ, ಸುಮ್ನೆ ಬಿಡಬೇಡಿ. ಬಡ್ಡಿಯನ್ನು 5 ವರ್ಷಕ್ಕೆ ಫಿಕ್ಸ್ ಮಾಡಿಸಿದೆವು. ಆ ಆಗಸ್ಟ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 5.25%ಕ್ಕೆ ಏರಿತು. ನಮ್ಮ ಕೈಯಲ್ಲಿ ಅಷ್ಟರಲ್ಲಿ ಸಾಲದ ಆಫರ್ ಪತ್ರ ಇದ್ದದ್ದರಿಂದ ಬಚಾವಾದೆವು.

ಹೆಚ್ಚು ದಿನ ತಿಂದದ್ದು ಊರಿನ ದುಡ್ಡು. ಅಪ್ಪ ಒಂದು ಸೈಟು ಮಾರಿ ನಮಗೆ ಸ್ವಲ್ಪ ಹಣ ಕೊಟ್ಟಿದ್ದರು. ಹಣ ಎಲ್ಲಿಂದ ಬಂತು ಎಂದು ಸಾಲಿಸಿಟರ್ (ಮನೆ ಕೊಳ್ಳುವ ಕಾಗದಪತ್ರ ನೋಡಿಕೊಳ್ಳುವ ವಕೀಲರು) ಕೇಳಿಯೇ ಕೇಳುತ್ತಾರೆ, ಕೇಳಲೇಬೇಕು ಎಂದು ಕಾನೂನಿದೆ. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಇದು ಸಾಲವಲ್ಲ, ಉಡುಗೊರೆ, ಮನೆಯಲ್ಲಿ ನನಗೆ ಪಾಲು ಬೇಡ ಎಂದು ಅಪ್ಪ ಬರೆದ ಪತ್ರ ಬೇಕು. ಸೈಟಿನ ಕ್ರಯಪತ್ರವೂ ಬೇಕು. ಕ್ರಯಪತ್ರ ಇದ್ದದ್ದು ಕನ್ನಡದಲ್ಲಿ! ಅದನ್ನು ಇಂಗ್ಲಿಷಿಗೆ ಮಾಡಿಸಿ ಕಳಿಸುವುದರಲ್ಲಿ ಮೂರು ವಾರ ಹೋಯಿತು. ಊರಿನಿಂದ ಹಣ ತರುವವರು ಮನೆ ಹುಡುಕುವ ಮೊದಲೇ ಈ ಕಾಗದಗಳನ್ನು ಜೋಡಿಸಿಡಿ. ಯಾಕೆಂದರೆ ಇಲ್ಲಿ ಟೋಕನ್ ಅಡ್ವಾನ್ಸ್ ಎಂಬುದಿಲ್ಲ. ನಮ್ಮ ಬೆಲೆಯನ್ನು ಮಾರುವವರು ಒಪ್ಪಿದ ಮೇಲೂ, ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಕರಾರನ್ನು ಬದಲಾಯಿಸಿಕೊಳ್ಳುವುದು) ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆ ಮೂರು ವಾರ ನಮಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಈಗ ಚಿಮ್ನಿ. ಮನೆ 1900ರ ಆಸುಪಾಸಿನದು, ಕೆಂಪಿಟ್ಟಿಗೆಯ ಟೆರೇಸ್ ಮನೆ, ಅಂದರೆ ಸಾಲುಮನೆ, ಎರಡೂ ಕಡೆ ಪಕ್ಕದ ಮನೆಗಳಿಗೆ ಅಂಟಿಕೊಂಡಿದೆ. ಬ್ಯಾಂಕಿನವರು ಆಗಲೇ ವ್ಯಾಲ್ಯುಯೇಷನ್ ಮಾಡಿಸಿದ್ದರು. ಅದನ್ನೇ ಸರ್ವೇ ಅಂದುಕೊಳ್ಳುವವರು ಜಾಸ್ತಿ. ಅಲ್ಲ. ಅದು ಬ್ಯಾಂಕ್ ತನ್ನ ದುಡ್ಡಿನ ಭದ್ರತೆಗೆ ಮಾಡಿಸುವುದು. ನಮಗಾಗಿ ನಾವೇ ಮಾಡಿಸಬೇಕಾದದ್ದು ಬೇರೆ. ಹಳೇ ಮನೆಯಾದ್ದರಿಂದ ಮನೆಯ ಸ್ಥಿತಿಯನ್ನು ತುಂಬ ವಿವರವಾಗಿ ನೋಡುವ ಲೆವೆಲ್ 3 ಸರ್ವೇ ಮಾಡಿಸಿದೆವು. ಹೊಸ ಮನೆಗಾದರೆ ಲೆವೆಲ್ 2 ಸಾಕಾಗುತ್ತದೆ.

ಸರ್ವೇ ಮಾಡಿದವರು ಸಂಜೆ ಫೋನ್ ಮಾಡಿದರು. ವರದಿ ಬರೆಯುವ ಮೊದಲೇ ಒಂದು ಫೋಟೋ ಕಳಿಸಿದ್ದರು. ಹಿಂದಿನ ರೂಮಿನಲ್ಲಿ, ಅದರ ಮೇಲಿನ ಬೆಡ್‌ರೂಮಿನಲ್ಲಿ ಚಿಮ್ನಿಯ ಗೋಡೆಯನ್ನು ಯಾರೋ ಒಡೆದು ಜಾಗ ಅಗಲ ಮಾಡಿದ್ದಾರೆ. ಅಟ್ಟದಲ್ಲಿ ಮಾತ್ರ ಅದು ಹಾಗೇ ಇದೆ, ಮಾಡಿನ ಮೇಲೂ ಇದೆ. ಅಷ್ಟೂ ಇಟ್ಟಿಗೆಯ ಭಾರ ಕೂತಿದ್ದದ್ದು ಎರಡು ಮರದ ತುಂಡಿನ ಮೇಲೆ. ಫೋಟೋದಲ್ಲಿ ಒಂದು ತುಂಡು ಮಧ್ಯದಲ್ಲಿ ಸೀಳಿದ್ದು ಟಾರ್ಚ್ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು. ನಮ್ಮ ಮಗಳ ಮಂಚ ಹಾಕಬೇಕು ಅಂದುಕೊಂಡ ಜಾಗ ಅದರ ನೇರ ಕೆಳಗೆ.

ವರದಿಯನ್ನು ಸಾಲಿಸಿಟರ್ ತಾವಾಗಿಯೇ ತರಿಸಿಕೊಂಡು ಓದುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಸಾಲಿಸಿಟರ್ ಮನೆಯನ್ನು ನೋಡುವುದೇ ಇಲ್ಲ, ಕಾಗದ ಮಾತ್ರ ನೋಡುತ್ತಾರೆ. ಸರ್ವೇಯವರು ಗೋಡೆ ನೋಡುತ್ತಾರೆ, ಪತ್ರ ನೋಡುವುದಿಲ್ಲ. ಬ್ಯಾಂಕಿಗೆ ಬೇಕಾದದ್ದು ಬೆಲೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರು ನಾವೇ. ವರದಿಯಲ್ಲಿ ಚಿಮ್ನಿಯ ಬಗ್ಗೆ ಇದ್ದ ಎರಡು ಪುಟವನ್ನು ಫೋಟೋ ಸಮೇತ ಸಾಲಿಸಿಟರ್‌ಗೆ ಕಳಿಸಿದೆ. ಆಮೇಲೆಯೇ ಅವರು ಮಾರುವವರನ್ನು ಕೇಳಿದ್ದು: ಯಾವಾಗ ಒಡೆಸಿದಿರಿ, ಕೆಲಸ ಕಟ್ಟಡ ನಿಯಮದ ಪ್ರಕಾರ ಆಗಿದೆ ಎನ್ನುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಎಲ್ಲಿ? “ನಾವು ಕೊಳ್ಳುವ ಮೊದಲೇ ಹಾಗಿತ್ತು” ಎಂದು ಉತ್ತರ ಬಂತು. ಜೊತೆಗೆ ಇಂಡೆಮ್ನಿಟಿ ಪಾಲಿಸಿ ಕೊಡಿಸುತ್ತೇವೆ ಅಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೌನ್ಸಿಲ್‌ನವರು (ಇಲ್ಲಿನ ನಗರಸಭೆಯವರು) ಸರ್ಟಿಫಿಕೇಟ್ ಇಲ್ಲ ಎಂದು ಮುಂದೆ ನೋಟಿಸ್ ಕೊಟ್ಟರೆ ಆಗುವ ಖರ್ಚನ್ನು ಆ ಪಾಲಿಸಿ ಕೊಡುತ್ತದೆ. ಇಟ್ಟಿಗೆ ಬಿದ್ದರೆ ಹಿಡಿಯುವುದಿಲ್ಲ. ಇನ್ನೊಂದು ವಿಷಯವನ್ನು ಸಾಲಿಸಿಟರ್ ಎಚ್ಚರಿಸಿದರು: ಮೊದಲೇ ಕೌನ್ಸಿಲ್‌ಗೆ ಫೋನ್ ಮಾಡಿ ವಿಚಾರಿಸಿದರೆ ಸಾಮಾನ್ಯವಾಗಿ ಆ ಪಾಲಿಸಿಯೇ ಸಿಗುವುದಿಲ್ಲ. ನಮಗೆ ಪಾಲಿಸಿಗಿಂತ ಗಟ್ಟಿಯಾದ ಚಿಮ್ನಿ ಮುಖ್ಯವಾಗಿತ್ತು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರ ಪತ್ರ, ಒಬ್ಬ ಬಿಲ್ಡರ್ ಕೊಟ್ಟ ಅಂದಾಜು ಎರಡನ್ನೂ ಏಜೆಂಟರ ಮುಂದಿಟ್ಟು ಬೆಲೆಯಲ್ಲಿ 4,500 ಪೌಂಡ್ ಇಳಿಸಲು ಕೇಳಿದೆವು. ಒಂದು ವಾರ ಮೌನ, ಆಮೇಲೆ ಒಪ್ಪಿದರು. ಬೆಲೆ ಇಳಿದದ್ದನ್ನು ಬ್ಯಾಂಕಿಗೂ ತಿಳಿಸಬೇಕು. ಸಾಲಿಸಿಟರ್ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುವುದರಿಂದ ಅದನ್ನು ಅವರೇ ತಿಳಿಸಿದರು.

ಎಕ್ಸ್‌ಚೇಂಜ್ ದಿನ 10% ಹಣ ಕಟ್ಟಿದೆವು. ಅವತ್ತಿನಿಂದಲೇ ಮನೆಯ ಇನ್ಶೂರೆನ್ಸ್ ನಮ್ಮ ಹೆಸರಿಗೆ ಶುರು, ಬೀಗದ ಕೈ ಇನ್ನೂ ಸಿಗದಿದ್ದರೂ. ಹಣ ಕಳಿಸುವ ಮೊದಲು ಅಕೌಂಟ್ ನಂಬರನ್ನು ಸಾಲಿಸಿಟರ್ ಆಫೀಸಿಗೆ ಫೋನ್ ಮಾಡಿ ಓದಿಸಿಕೊಂಡೆ. ನಂಬರ್ ಬದಲಾಗಿದೆ ಎಂದು ಸುಳ್ಳು ಇಮೇಲ್ ಕಳಿಸಿ ದುಡ್ಡು ಹೊಡೆಯುವವರು ಇಲ್ಲಿದ್ದಾರೆ. ಮನೆಯ ಬೆಲೆ 3,60,000 ಪೌಂಡ್ ಒಳಗಿತ್ತು. ಮೊದಲ ಮನೆಗೆ ಆಗ 4,25,000 ತನಕ ಸ್ಟ್ಯಾಂಪ್ ಡ್ಯೂಟಿ ಇರಲಿಲ್ಲ. 2025ರ ಏಪ್ರಿಲ್‌ನಿಂದ ಆ ಮಿತಿ 3,00,000ಕ್ಕೆ ಇಳಿದಿದೆ, ಲೆಕ್ಕ ಹಾಕುವಾಗ ನೆನಪಿಡಿ.

ಮನೆಗೆ ಹೋದ ಮೇಲೆ ಮಾಡಿಸಿದ ಮೊದಲ ಕೆಲಸ ಅಟ್ಟದ್ದು. ಗೋಡೆ ಪಕ್ಕದವರದ್ದೂ ಹೌದಲ್ವಾ, 1996ರ ಪಾರ್ಟಿ ವಾಲ್ ಕಾನೂನಿನ ಪ್ರಕಾರ ಅವರಿಗೆ ಎರಡು ತಿಂಗಳ ನೋಟಿಸ್ ಕೊಡಬೇಕು. ಪಕ್ಕದ ಮನೆಯ ಅಜ್ಜಿ ಕಾಗದ ಓದಿ, ಚಹಾ ಕೊಟ್ಟು, ಅಲ್ಲೇ ಒಪ್ಪಿಗೆ ಸಹಿ ಹಾಕಿದರು. ಮರ ತೆಗೆದು ಸ್ಟೀಲ್ ಬೀಮ್ ಕೂರಿಸಿದರು. ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಏಣಿ ಹತ್ತಿ ನೋಡಿ ಸರ್ಟಿಫಿಕೇಟ್ ಕೊಟ್ಟರು. ಅದರ ಸ್ಕ್ಯಾನ್ ಅಪ್ಪನಿಗೂ ಕಳಿಸಿದ್ದೇನೆ. ಮೂಲ ಪ್ರತಿ ನಮ್ಮ ಮನೆ ಫೈಲಿನ ಮೊದಲ ಪುಟದಲ್ಲಿದೆ. ಮುಂದೆ ಈ ಮನೆ ಕೊಳ್ಳುವವರು ಕೇಳಿದ ದಿನವೇ ಅವರ ಕೈಗೆ ಸಿಗಬೇಕು.