ಪೊರೆ ತೆಗೆಸುವುದು ಸುಲಭ, ಹನಿ ಹಾಕುವುದೇ ಕಷ್ಟ

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಇಂಡಿಕೇಟರಿನಲ್ಲಿ ಫಾಸ್ಟ್ ಲೋಕಲ್ ಯಾವುದು, ಸ್ಲೋ ಯಾವುದು ಅಂತ ನಮ್ಮ ಮಾವನಿಗೆ ಕಾಣಿಸದೆ ಎರಡು ವರ್ಷವಾಗಿತ್ತು. ಬೈಗುಳ ಮಾತ್ರ ರೈಲ್ವೆಯವರಿಗೆ. "ಲೈಟಿಗೆ ಜೀವವೇ ಇಲ್ಲ ಮಾರಾಯ" ಅನ್ನುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಮಾವ, ಅಮ್ಮ, ಮೂರನೇ ಮಹಡಿಯ ಶೆಟ್ರು, ಹೀಗೆ ಮೂವರ ಜೊತೆ ಪೊರೆಯ ಆಪರೇಷನ್ನಿಗೆ ಓಡಾಡಿದ್ದೇನೆ. ಮೂವರದ್ದೂ ಚೆನ್ನಾಗಿಯೇ ಆಯಿತು. ಎಡವಟ್ಟಾದದ್ದೆಲ್ಲ ಮನೆಗೆ ಬಂದ ಮೇಲೆ.

ಹೆಜ್ಜೆ 1: ಪೊರೆ ಎಲ್ಲಿದೆ ಅಂತ ತಿಳಿಯಿರಿ. ಕಣ್ಣಿನ ಮೇಲೆ ಬೆಳೆಯುವ ಪದರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಸರೇ ಹಾಗಿದೆ, ಅಲ್ವಾ? ನಿಜವಾಗಿ ಅದು ಪಾಪೆಯ ಹಿಂದಿರುವ ಲೆನ್ಸಿನ ಕಥೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನ್ ಗಂಟುಕಟ್ಟಿ ಲೆನ್ಸ್ ಮಬ್ಬಾಗುತ್ತದೆ. ಸಕ್ಕರೆ ಕಾಯಿಲೆ, ಸಿಗರೇಟು, ವರ್ಷಗಟ್ಟಲೆ ತಗೊಂಡ ಸ್ಟಿರಾಯ್ಡ್, ಕಣ್ಣಿಗೆ ಬಿದ್ದ ಪೆಟ್ಟು ಇದ್ದರೆ ಬೇಗ ಬರುತ್ತದೆ. ಒಳಗೆ ಕೂತ ಮಬ್ಬನ್ನು ಮೇಲಿನಿಂದ ಬಿಟ್ಟ ಹನಿ ಕರಗಿಸುವುದಿಲ್ಲ. ಜೇನು, ಹರಳೆಣ್ಣೆ, ವಾಟ್ಸ್ಆ್ಯಪ್‌ನಲ್ಲಿ ಬರುವ 'ಪೊರೆ ಕರಗಿಸುವ' ಬಾಟಲಿ, ಯಾವುದಕ್ಕೂ ದುಡ್ಡು ಸುರಿಯಬೇಡಿ. ಶೆಟ್ರು ಆರು ತಿಂಗಳು ಜೇನು ಬಿಟ್ಟುಕೊಂಡರು. ಸಿಕ್ಕಿದ್ದು ಉರಿ.

ಹೆಜ್ಜೆ 2: 'ಬಲಿಯಲಿ' ಅಂತ ಕಾಯಬೇಡಿ. ನಮ್ಮ ಮರಾಠಿ ನೆರೆಯವರೂ 'ಮೋತಿಬಿಂದು ಪಿಕಲಾ ಕಾ?' (ಪೊರೆ ಹಣ್ಣಾಯಿತಾ?) ಅಂತಲೇ ಕೇಳುತ್ತಾರೆ. ಅದು ಹಳೇ ಕಾಲದ ಆಪರೇಷನ್ನಿನ ಲೆಕ್ಕ. ಈಗ ದಿನದ ಕೆಲಸಕ್ಕೆ ಅಡ್ಡಿಯಾಯಿತು ಅಂದರೆ ತೆಗೆಸಬಹುದು. ಪೂರ್ತಿ ಬಲಿತು ಕಲ್ಲಾದರೆ ಡಾಕ್ಟರಿಗೂ ಕಷ್ಟ, ಕಣ್ಣಿಗೂ ಕಷ್ಟ.

ಹೆಜ್ಜೆ 3: ಅಳತೆ. ಕಣ್ಣಿನ ಉದ್ದ ಅಳೆದು ಹೊಸ ಲೆನ್ಸಿನ ಪವರ್ ಗೊತ್ತುಮಾಡುತ್ತಾರೆ. 1 ಮಿ.ಮೀ. ತಪ್ಪಿದರೆ ಕನ್ನಡಕದ ನಂಬರು ಸುಮಾರು ಎರಡೂವರೆ ಆಚೀಚೆ. ಆದ್ದರಿಂದ ಮೆಷಿನ್ನಿನ ಮುಂದೆ ಅಲ್ಲಾಡದೆ ಕೂತುಕೊಳ್ಳಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವ ಗಂಡಸರು ನಾಚಿಕೆ ಬಿಟ್ಟು ಹೇಳಿ. ಆ ಮಾತ್ರೆಯಿಂದ ಆಪರೇಷನ್ ವೇಳೆ ಪಾಪೆ ಸರಿಯಾಗಿ ಹಿಗ್ಗದೆ ಇರಬಹುದು. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೇಳಿ.

ಲೆನ್ಸ್ ಆರಿಸುವಾಗ ಕೌಂಟರಿನಲ್ಲಿ ಪ್ಯಾಕೇಜುಗಳ ಪಟ್ಟಿ ಹಿಡಿಯುತ್ತಾರೆ. ನನ್ನ ಕೇಳಿದರೆ ಸಾದಾ ಮಾನೋಫೋಕಲ್ ಸಾಕು. ದೂರದ್ದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಕನ್ನಡಕ ಹಾಕಿಕೊಂಡರಾಯಿತು. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಹಾಕಿಸಿದ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಉಂಗುರ ಕಾಣುತ್ತದೆ. ಮೆಡಿಕ್ಲೇಮ್ ಇದ್ದರೆ ಒಂದು ಕಣ್ಣಿಗೆ ಎಷ್ಟು ಕೊಡುತ್ತಾರೆ ಅಂತ ಮೊದಲೇ ನೋಡಿ. ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಮಿತಿ ಇರುತ್ತದೆ.

ಹೆಜ್ಜೆ 4: ಆಪರೇಷನ್. ಹೋಗಿ, ಮಲಗಿ, ಅದೇ ದಿನ ಮನೆಗೆ ಬನ್ನಿ. ಎಲ್ಲರೂ 'ಲೇಸರ್ ಮಾಡಿಸಿದೆ' ಅನ್ನುತ್ತಾರೆ. ಸಾಮಾನ್ಯವಾಗಿ ಮಾಡುವ ಫೇಕೋ ಅನ್ನುವ ಆಪರೇಷನ್ನಿನಲ್ಲಿ ಲೇಸರ್ ಇಲ್ಲ. 2–3 ಮಿ.ಮೀ. ತೂತಿನಿಂದ ಅಲ್ಟ್ರಾಸೌಂಡ್ ಸೂಜಿ ಹಾಕಿ ಹಳೇ ಲೆನ್ಸ್ ಪುಡಿ ಮಾಡಿ ಹೀರುತ್ತಾರೆ. ಅದು ಕೂತಿದ್ದ ಚೀಲದೊಳಗೇ ಮಡಚಿದ ಹೊಸ ಲೆನ್ಸ್ ಬಿಡುತ್ತಾರೆ. ಸಾಮಾನ್ಯವಾಗಿ ಹೊಲಿಗೆಯೂ ಬೇಕಾಗುವುದಿಲ್ಲ. ಕಣ್ಣೊಳಗೆ ಪ್ಲಾಸ್ಟಿಕ್ ಅಂತ ಶೆಟ್ರು ಹೆದರಿದ್ದರು. 1949ರಲ್ಲಿ ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಮೊದಲ ಲೆನ್ಸ್ ಹಾಕಿದ್ದಕ್ಕೂ ಅಂಥದೇ ಪ್ಲಾಸ್ಟಿಕ್ ಕಾರಣ. ಯುದ್ಧವಿಮಾನದ ಗಾಜಿನಂಥ ಅಕ್ರಿಲಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಹೊಕ್ಕರೂ ಕಣ್ಣು ಸುಮ್ನೆ ಇದ್ದದ್ದನ್ನು ಅವರು ನೋಡಿದ್ದರು.

ಹೆಜ್ಜೆ 5: ಆಪರೇಷನ್ ಆದ ಮೇಲಿನ ಹನಿ. ಇಲ್ಲಿ ನಿಧಾನವಾಗಿ ಓದಿ.

ಕೈ ಸೋಪಿನಲ್ಲಿ ತೊಳೆಯಿರಿ. ಹಾಲಿನಂತೆ ಬೆಳ್ಳಗಿರುವ ಸ್ಟಿರಾಯ್ಡ್ ಹನಿಯ ಬಾಟಲಿಯನ್ನು ಪ್ರತಿ ಸಲ ಕುಲುಕಿ. ಮದ್ದು ತಳದಲ್ಲಿ ಕೂತಿರುತ್ತದೆ. ಕುಲುಕದಿದ್ದರೆ ಮೊದಲ ವಾರ ಬರೀ ನೀರು ಬಿಟ್ಟ ಹಾಗೆ. ರೋಗಿಯನ್ನು ಮಲಗಿಸಿ, ಫ್ಯಾನ್ ನೋಡಲು ಹೇಳಿ. ಕೆಳ ರೆಪ್ಪೆಯನ್ನು ಕೆನ್ನೆಯ ಮೂಳೆಯ ಕಡೆ ಮೆಲ್ಲಗೆ ಎಳೆದರೆ ಪುಟ್ಟ ಜೇಬಿನಂತೆ ತೆರೆದುಕೊಳ್ಳುತ್ತದೆ. ಬೆರಳು ಮೂಳೆಯ ಮೇಲಿರಲಿ, ಕಣ್ಣುಗುಡ್ಡೆ ಒತ್ತಬೇಡಿ. ಹನಿ ಆ ಜೇಬಿಗೆ ಬೀಳಬೇಕು. ಬಾಟಲಿಯ ಮೂತಿ ರೆಪ್ಪೆಗೂದಲಿಗೂ ತಾಗಬಾರದು. ಒಂದೇ ಹನಿ. ಎರಡನೆಯದಕ್ಕೆ ಕಣ್ಣಲ್ಲಿ ಜಾಗವಿಲ್ಲ, ಕೆನ್ನೆ ಮೇಲೆ ಇಳಿಯುತ್ತದೆ.

ಬಿದ್ದ ತಕ್ಷಣ ಪಟಪಟ ಮಿಟುಕಿಸಲು ಬಿಡಬೇಡಿ. ಕಣ್ಣು ಹಗುರಾಗಿ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿರಲಿ. ಇಲ್ಲದಿದ್ದರೆ ಮದ್ದು ಗಂಟಲಿಗೆ ಇಳಿದು ಕಹಿಯಾಗುತ್ತದೆ. ಇನ್ನೊಂದು ಬಾಟಲಿಗೆ ಐದು ನಿಮಿಷ ಬಿಡಿ. ಅಮ್ಮ ಸೀರಿಯಲ್ಲಿನ ಒಂದು ಜಾಹೀರಾತು ಬ್ರೇಕಿನಲ್ಲಿ ಮೂರೂ ಬಾಟಲಿ ಮುಗಿಸುತ್ತಿದ್ದಳು. ಮೊದಲ ಎರಡನ್ನು ಮೂರನೆಯದು ತೊಳೆದುಹಾಕುತ್ತಿತ್ತು. ಈಗ ಬ್ರೇಕಿಗೊಂದು ಬಾಟಲಿ ಅಂತ ಮಾಡಿಕೊಟ್ಟಿದ್ದೇನೆ.

ಸ್ಟಿರಾಯ್ಡ್ ಹನಿಯನ್ನು, ದಿನಕ್ಕೆ ಎಷ್ಟು ಸಲ ಅನ್ನುವುದನ್ನು ವಾರ ವಾರ ಕಡಿಮೆ ಮಾಡುತ್ತಾ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕು. ಶೆಟ್ರು ಹತ್ತು ದಿನಕ್ಕೆ 'ಟಿವಿ ಫಸ್ಟ್‌ಕ್ಲಾಸ್ ಕಾಣ್ತದೆ' ಅಂತ ಬಿಟ್ಟರು. ಕಣ್ಣು ಮತ್ತೆ ಕೆಂಪಾಗಿ ಡಾಕ್ಟರ ಹತ್ತಿರ ಓಡಿದೆವು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ದಿನ ದಿನ ಗುರುತು ಹಾಕಿ. ಇನ್ನೊಂದು ಮಾತು: ಹನಿ ಇಟ್ಟ ಡಬ್ಬಿಯಲ್ಲಿ ಫೆವಿಕ್ವಿಕ್ ಟ್ಯೂಬ್, ಕಿವಿಗೆ ಹಾಕುವ ಹನಿ ಇಡಬೇಡಿ. ಅರೆ ಕಣ್ಣು ಕಾಣುವವರ ಮನೆಯಲ್ಲಿ ಇದು ತಮಾಷೆಯಲ್ಲ.

ಹೆಜ್ಜೆ 6: ಉಜ್ಜಬೇಡಿ. ರಾತ್ರಿ ಕಣ್ಣಿಗೆ ಪೆಟ್ಟು ತಾಗದಂತೆ ಮುಚ್ಚುವ ಶೀಲ್ಡ್ ಕಟ್ಟಿ. ತಲೆಸ್ನಾನದ ನೀರು, ಮಳೆನೀರು, ಒಗ್ಗರಣೆಯ ಹೊಗೆ, ಬೆಳಗಿನ ಲೋಕಲ್ಲಿನ ಮೊಣಕೈ, ಎಲ್ಲದರಿಂದ ಕೆಲವು ವಾರ ದೂರ. ಗಣಪತಿ ವಿಸರ್ಜನೆಯ ಗುಲಾಲನ್ನು ಬಾಲ್ಕನಿಯಿಂದಲೇ ನೋಡಿ. ನೋವು, ಕೆಂಪು, ಕೀವು, ದೃಷ್ಟಿ ಮಂಕು, ಮಿಂಚು, ಇದರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ತಿಂಗಳೋ ವರ್ಷವೋ ಕಳೆದ ಮೇಲೆ ಮತ್ತೆ ಮಬ್ಬಾದರೆ ಪೊರೆ ಮರಳಿತು ಅಂತ ಗಾಬರಿ ಬೇಡ. ಹೆಚ್ಚಾಗಿ ಲೆನ್ಸಿನ ಹಿಂದಿನ ಚೀಲ ಮಬ್ಬಾಗಿರುತ್ತದೆ. ಅದಕ್ಕೆ ಯಾಗ್ ಲೇಸರ್ ಅಂತ ಇದೆ. ಶೆಟ್ರಿಗೆ ಕೊನೆಗೂ ಅವರ ಲೇಸರ್ ಸಿಕ್ಕಿತು. ಕೂತಲ್ಲೇ ಐದು ನಿಮಿಷದಲ್ಲಿ ಮುಗಿಯಿತು, ಹೊರಗೆ ಬಂದು ವಡಾ ಪಾವ್ ತಿಂದರು.