ಊರಿನ ಶಿಶು ಮರಣ ದರ ಲೆಕ್ಕ ಹಾಕುವುದು ಹೇಗೆ?

ನಾನು ಇಂಡಿ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಲೆಕ್ಕ ಸುಲಭ. ವರ್ಷದಲ್ಲಿ ತೀರಿಕೊಂಡ, ಒಂದು ವರ್ಷ ತುಂಬದ ಮಕ್ಕಳ ಸಂಖ್ಯೆಯನ್ನು ಅದೇ ವರ್ಷ ಜೀವಂತ ಹುಟ್ಟಿದವರ ಸಂಖ್ಯೆಯಿಂದ ಭಾಗಿಸಿ, 1000ದಿಂದ ಗುಣಿಸಿ.

ಕಷ್ಟ ಇರುವುದು ಹೆಸರು ಬಿಟ್ಟುಹೋಗದಂತೆ ನೋಡುವುದರಲ್ಲಿ. ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋಗಿರುತ್ತಾಳೆ. ಕಬ್ಬು ಕಡಿಯಲು ಹೋದವರು ಅಲ್ಲೇ ಹೆತ್ತಿರುತ್ತಾರೆ. ಅತ್ತೆಯನ್ನು ಕೇಳಿ, ತಾಯಿ ಕಾರ್ಡ್ ನೋಡಿ. ಒಂದೇ ಗಂಟೆ ಉಸಿರಾಡಿದ ಕೂಸನ್ನೂ ಜನನ, ಮರಣ ಎರಡರಲ್ಲೂ ಬರೆಯಿರಿ. ಹೊಟ್ಟೆಯಲ್ಲೇ ತೀರಿದ್ದು ಈ ಲೆಕ್ಕಕ್ಕಿಲ್ಲ. ಮನೆಯವರು ಎರಡಕ್ಕೂ ‘ಸತ್ತು ಹುಟ್ಟಿತು’ ಅಂತಾರೆ. ಸುಮ್ನೆ ಬರೆದುಕೊಳ್ಳಬೇಡಿ, ‘ಕೂಸು ಅತ್ತಿತ್ತಾ?’ ಎಂದು ಮೆಲ್ಲಗೆ ಕೇಳಿ.

20 ಹೆರಿಗೆಯಲ್ಲಿ ಒಂದು ಸಾವಾದರೂ ದರ 50 ಆಗಿಬಿಡುತ್ತದೆ, ಗಾಬರಿ ಬೇಡ. ಕೆಲವು ವರ್ಷ ಕೂಡಿಸಿ ನೋಡಿ. 28 ದಿನದೊಳಗಿನ ಸಾವು ಜಾಸ್ತಿಯಿದ್ದರೆ ಮೊದಲು ಹೆರಿಗೆ ಕೋಣೆ ನೋಡಿ; ಆಮೇಲಿನದಾದರೆ ನೀರು, ಲಸಿಕೆ.